ಫೋಟೋ ಯಾವ್ದು ಹಚ್ಚಬೇಕು?

ಮಹಾರಾಷ್ಟ್ರದ ಉದಗೀರದಲ್ಲಿರುವ ನನ್ನ ಡಿಟಿಪಿ ಅಂಗಡಿಯ ಷಟರ್ ಇನ್ನೂ ಅರ್ಧಕ್ಕಿರುವಾಗಲೇ ಬಗ್ಗಿ ಒಳಗೆ ಬರುವ ಗಿರಾಕಿ ಒಬ್ಬರೇ, ಫೋಟೋ ಕಾಕಾ. ಜಿಲ್ಲಾ ಪರಿಷತ್ ಶಾಲೆಯಲ್ಲಿ ಮಾಸ್ತರಿಕೆ ಮಾಡಿ ನಿವೃತ್ತರಾದವರು. ಈಗ ಊರೂರಿನ ಇತಿಹಾಸ ಬರೆಯುತ್ತಾರೆ. ಕೈಬರಹದ ಹಾಳೆ ತಂದು ನನ್ನಿಂದ ಕನ್ನಡದಲ್ಲಿ ಟೈಪ್ ಮಾಡಿಸಿ, ಬಳಗದವರ ವಾಟ್ಸ್ಆ್ಯಪ್ ಗ್ರೂಪಿಗೆ ಬಿಡುತ್ತಾರೆ. ಬರೆದದ್ದು ಹೇಗಿದೆ ಎಂದು ಇದುವರೆಗೆ ಕೇಳಿದವರಲ್ಲ. ಕೇಳುವುದು ಒಂದೇ ಮಾತು: "ಇದಕ್ಕ ಫೋಟೋ ಯಾವ್ದು ಹಚ್ಚಬೇಕು?"

ಫೋಟೋ ಹಚ್ಚದ ಬರಹ ಅವರ ಪ್ರಕಾರ ಒಗ್ಗರಣಿ ಕೊಡದ ಬ್ಯಾಳಿ. ಬ್ಯಾಳಿ ಬೆಂದಿದೆಯೋ ಇಲ್ಲವೋ ಆಮೇಲಿನ ಮಾತು.

ಒಮ್ಮೆ ಉದಗೀರದ ಲಡಾಯಿಯ ಬಗ್ಗೆ ಬರೆದು ತಂದರು. 1760ರ ಫೆಬ್ರವರಿಯಲ್ಲಿ ಪೇಶ್ವೆಯ ಕಡೆಯ ಸದಾಶಿವರಾವ್ ಭಾವು ನಿಜಾಮನ ಸೈನ್ಯವನ್ನು ಇಲ್ಲಿ ಸೋಲಿಸಿದ್ದು, ದೌಲತಾಬಾದ್, ವಿಜಯಪುರದಂಥ ಕೋಟೆಗಳು ಪೇಶ್ವೆಯ ಕೈಗೆ ಹೋದದ್ದು, ಮರುವರ್ಷವೇ ಅದೇ ಭಾವು ಪಾಣಿಪತದಲ್ಲಿ ಮಡಿದದ್ದು. ಚೆನ್ನಾಗಿಯೇ ಬರೆದಿದ್ದರು. "ಭಾವುಂದು ಒಂದು ಚಲೋ ಫೋಟೋ ಹುಡುಕು" ಎಂದರು.

"ಕಾಕಾ, ಫೋಟೋ ತೆಗಿಯೋ ವಿದ್ಯೆ ಜಗತ್ತಿಗೆ ಗೊತ್ತಾದದ್ದೇ 1839ರಾಗ್ರೀ."

"ಅದು ಫ್ರಾನ್ಸ್‌ದ ಮಾತು. ನೀ ಗೂಗಲ್‌ದಾಗ ನೋಡು."

ಗೂಗಲ್‌ನಲ್ಲಿ ನೋಡಿದರೆ ಮೊದಲು ಸಿಕ್ಕವನು ಅರ್ಜುನ್ ಕಪೂರ್. 2019ರ 'ಪಾಣಿಪತ್' ಸಿನಿಮಾ ಶುರುವಾಗುವುದೇ ಉದಗೀರದ ಕೋಟೆಯಿಂದ, ಕಾಕಾಗೆ ಅಷ್ಟು ಸಾಕಾಯಿತು. ಭಾವು ಅವರ ಲೇಖನದಲ್ಲಿ ಅರ್ಜುನ್ ಕಪೂರನ ಮೀಸೆ ಹೊತ್ತು ಊರೆಲ್ಲ ತಿರುಗಿದ. ಅದೂ ಸ್ಕ್ರೀನ್‌ಶಾಟ್. ಭಾವುವಿನ ನೆತ್ತಿಯ ಮೇಲೆ ಬೆಳಗಿನ ಏಳು ಗಂಟೆ, ಬ್ಯಾಟರಿ ಹದಿನೇಳು ಪರ್ಸೆಂಟ್. ಅದನ್ನೇ ನಾಲ್ಕಡಿ ಫ್ಲೆಕ್ಸ್‌ಗೆ ದೊಡ್ಡದು ಮಾಡು ಎಂದಾಗ, ವಾಟ್ಸ್ಆ್ಯಪ್ ಚಿತ್ರವನ್ನು ಹಿಂಡಿ ಕಳಿಸುತ್ತದೆ, ಡಾಕ್ಯುಮೆಂಟ್ ಅಂತ ಕಳಿಸಬೇಕು ಎಂದು ಅರ್ಧ ತಾಸು ತಿಳಿಸಿ ಹೇಳಿದೆ. ಎಲ್ಲ ಕೇಳಿಸಿಕೊಂಡು, "ದೂರದಿಂದ ನೋಡಿದ್ರ ಚಂದ ಕಾಣ್ತದ" ಎಂದರು.

ನಿಲಂಗಾದ ನೀಲಕಂಠೇಶ್ವರ ಗುಡಿಯ ಲೇಖನಕ್ಕೆ ಹಂಪಿಯ ಕಲ್ಲಿನ ರಥ ಹಚ್ಚಿದ್ದರು. ಕಲ್ಲು ಕಲ್ಲೇ ಅಲ್ಲವೇ. ನಿಲಂಗಾದ ಬೀಗರು ಫೋನ್ ಮಾಡಿ, ನಮ್ಮೂರಿಗೆ ಈ ರಥ ಯಾವಾಗ ಬಂತು ಎಂದು ವಿಚಾರಿಸಿದ ಮೇಲೆ ಕಾಕಾಗೆ ಹಟ ಹುಟ್ಟಿತು. ಇನ್ನು ತಾವೇ ಹೋಗಿ ತೆಗೆಯುವುದು. ಮಹಾರಾಷ್ಟ್ರದ ಎಸ್‌ಟಿ ಬಸ್ಸಿನಲ್ಲಿ 75 ದಾಟಿದವರಿಗೆ 2022ರಿಂದ ಟಿಕೆಟ್ ಇಲ್ಲ; ಸರಕಾರ ಈ ಯೋಜನೆ ಮಾಡುವಾಗ ಕಾಕಾನ ಕಾಲಿನ ಕಸುವನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಹೋದರು, ಸಂಜೆಯೊಳಗೆ ಎಂಬತ್ತು ಫೋಟೋ ತಂದರು. ಎಂಬತ್ತರಲ್ಲೂ ನಡುವೆ ಕಾಕಾ. ಗುಡಿಯ ಹರ-ಗೌರಿ ಶಿಲ್ಪ ಹೆಸರಾದದ್ದು. ಇವರ ಫೋಟೋದಲ್ಲಿ ಗೌರಿಯ ಮೊಣಕೈ ಕಾಕಾನ ಟೋಪಿಯ ಪಕ್ಕದಲ್ಲಿ ಇಣುಕುತ್ತದೆ, ಹರ ಪೂರ್ತಿ ಕಾಕಾನ ಹಿಂದೆ.

"ನೀವು ಸ್ವಲ್ಪ ಸರದು ನಿಂತಿದ್ರ..." ಎಂದೆ.

"ನಾ ಸರದ್ರ ನಾನೇ ಹೋಗಿ ಬಂದೀನಿ ಅಂತ ಹ್ಯಾಂಗ ಗೊತ್ತಾಗ್ತದ?"

ಬಸವ ಜಯಂತಿಯ ಲೇಖನದ ಕಥೆ ಬೇರೆ. ಒಂದು ಫೋಟೋದಲ್ಲಿ ಕ್ಯಾಲೆಂಡರಿನ ಕಿರೀಟದ ಬಸವಣ್ಣ, ಇನ್ನೊಂದರಲ್ಲಿ ಕುದುರೆಯ ಮೇಲಿನವ, ಮೂರನೆಯದರಲ್ಲಿ ಬಸವಕಲ್ಯಾಣದ 108 ಅಡಿಯ ಮೂರ್ತಿ. ಹನ್ನೆರಡನೆಯ ಶತಮಾನದಲ್ಲಿ ಯಾರೂ ಕುಳಿತು ಅವರ ಚಿತ್ರ ಬರೆದಿಟ್ಟಿಲ್ಲ; ಮೂರೂ ನಂತರದವರ ಭಕ್ತಿಯ ಮುಖಗಳೇ. ಗ್ರೂಪಿನಲ್ಲಿ ಯಾವುದು ಖರೆ ಎಂದು ಜಗಳ ಹತ್ತಿತು. ಕಾಕಾ ಉಮರ್ಗಾಕ್ಕೆ ಮಗಳ ಮನೆಗೆ ಹೋದವರು ಅಲ್ಲಿಂದ ಹಾಗೇ ಹೈದರಾಬಾದ್ ಹೆದ್ದಾರಿ ಹಿಡಿದು, ಸಸ್ತಾಪುರ ಬಂಗ್ಲಾದಲ್ಲಿ ಇಳಿದು ಬಸವಕಲ್ಯಾಣಕ್ಕೆ ಹೋಗಿ ಬಂದರು. ಗಡಿ ದಾಟಿದ ಮೇಲಿನ ಟಿಕೆಟ್ಟಿಗೆ ರೊಕ್ಕ ಕೊಡಬೇಕಾಯಿತು. ಆ ಸಿಟ್ಟು ಇನ್ನೂ ಇಳಿದಿಲ್ಲ. ಟಿಕೆಟ್ಟಿನ ಫೋಟೋವನ್ನೂ ಲೇಖನಕ್ಕೆ ಹಚ್ಚಿದರು.

ಇಷ್ಟೆಲ್ಲ ನಕ್ಕಿದ್ದೇನೆ, ನಿಜ. ಆದರೆ ಒಂದು ದಿನ ಕೇಳಿಯೇ ಬಿಟ್ಟೆ: ಇಷ್ಟು ಚಂದ ಬರೀತೀರಿ, ಫೋಟೋದ್ದೇ ಯಾಕ್ರೀ ಇಷ್ಟು ಚಿಂತಿ? ಕಾಕಾ ಮೊಬೈಲ್ ನನ್ನ ಮುಂದೆ ಹಿಡಿದು ಗ್ರೂಪಿನ ಹೆಸರುಗಳನ್ನು ಒಂದೊಂದಾಗಿ ತೋರಿಸಿದರು. ಉಮರ್ಗಾದ ಮಗಳು, ಮರಾಠಿ ಶಾಲೆ. ಅಳಿಯ, ಮರಾಠಿ ಶಾಲೆ. ಪುಣೆಯ ಮೊಮ್ಮಗ, ಇಂಗ್ಲಿಷ್. ನಿಲಂಗಾದ ಬೀಗರು ಮನೆಯಲ್ಲಿ ಕನ್ನಡವೇ ಆಡುತ್ತಾರೆ, ಅಕ್ಷರ ಮಾತ್ರ ಬಾರದು. 1956ರಲ್ಲಿ ಹಳೆಯ ಬೀದರ್ ಜಿಲ್ಲೆ ಒಡೆದಾಗ ನಿಲಂಗಾ, ಉದಗೀರ, ಅಹಮದಪುರ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಬಂದವು, ಬೀದರ್, ಭಾಲ್ಕಿ, ಔರಾದ್ ಮೈಸೂರಿಗೆ ಹೋದವು. ಅಡುಗೆಮನೆಯ ಮಾತು ಎರಡೂ ಕಡೆ ಅದೇ ಉಳಿಯಿತು, ಶಾಲೆಯ ಹಲಗೆ ಬದಲಾಯಿತು.

"ಇಪ್ಪತ್ತೆಂಟು ಮಂದಿಯೊಳಗ ಓದ್ಲಾಕ ಬರೋರು ನಾಕು ಮಂದಿ" ಎಂದರು ಕಾಕಾ. "ಉಳಿದೋರು ಫೋಟೋ ನೋಡ್ತಾರ. ಆಮ್ಯಾಲ ಫೋನ್ ಮಾಡಿ, ಅಪ್ಪಾ ಇದೇನು ಅಂತ ಕೇಳ್ತಾರ. ನಾ ಓದಿ ಹೇಳ್ತೀನಿ."

ಅರ್ಜುನ್ ಕಪೂರನ ದಿನ ಹದಿನೊಂದು ಫೋನ್ ಬಂದಿದ್ದವಂತೆ.

ಈಚೆಗೆ ಕಾಕಾ ಇನ್ನೊಂದು ಕೆಲಸ ಹಚ್ಚಿಕೊಂಡಿದ್ದಾರೆ. ಅದಕ್ಕೆ ಕಾರಣ ನನ್ನ ಅಂಗಡಿಯೇ. 'ಭಾವಪೂರ್ಣ ಶ್ರದ್ಧಾಂಜಲಿ' ಫ್ಲೆಕ್ಸ್ ಮಾಡಿಸಲು ಬರುವವರ ಕೈಯಲ್ಲಿ ಸರಿಯಾದ ಫೋಟೋ ಇರುವುದೇ ಅಪರೂಪ. ಆಧಾರ್ ಕಾರ್ಡ್ ತರುತ್ತಾರೆ, ಇಲ್ಲವೇ ಯಾರದೋ ಮದುವೆಯ ಗ್ರೂಪ್ ಫೋಟೋ. ಅಕ್ಕಪಕ್ಕದವರನ್ನು ನಾನು ಕತ್ತರಿಸಿ ತೆಗೆದರೂ ಭುಜದ ಮೇಲಿಟ್ಟ ಕೈ ಹೋಗುವುದಿಲ್ಲ. ಹೀಗೆ ಉಳಿದ ಕೈಯೊಂದರ ಉಂಗುರ ಗುರುತು ಹಿಡಿದು, ಚೌಕದಲ್ಲಿ ಫ್ಲೆಕ್ಸ್ ಕೆಳಗೆ ನಿಂತು, "ಇದು ನಂದೇ ಕೈ" ಎಂದು ಕಾಕಾ ಬಹಳ ಹೊತ್ತು ನೋಡಿದ್ದರು. ಅಂದಿನಿಂದ ಕಂಡ ಕಂಡ ಹಿರಿಯರನ್ನು ಗೋಡೆಗೆ ನಿಲ್ಲಿಸಿ, "ಮಾರಿ ಎತ್ರಿ, ಟೋಪಿ ಸರಿ ಮಾಡ್ಕೋರಿ" ಎನ್ನುತ್ತಾರೆ. ಯಾತಕ್ಕೆ ಎಂದು ಹೇಳುವುದಿಲ್ಲ. ಹೇಳದೆಯೂ ಗೊತ್ತಾಗಿ, ಕಾಕಾ ಮೊಬೈಲ್ ಎತ್ತಿದರೆ ಚಹಾದ ಅಂಗಡಿಯ ಬೆಂಚು ಖಾಲಿಯಾಗುತ್ತದೆ.

ನಿನ್ನೆ ನಾನು ಟೈಪ್ ಮಾಡುತ್ತಿದ್ದಾಗ ಫಳ್ಳೆಂದು ಫ್ಲ್ಯಾಶ್ ಬಿತ್ತು. ನನಗಿನ್ನೂ ನಲವತ್ತೊಂದು.

"ಇದು ಎದಕ್ಕ ಕಾಕಾ?"

ಕಾಕಾ ಪರದೆಯನ್ನು ಎರಡು ಬೆರಳಲ್ಲಿ ಹಿಗ್ಗಿಸಿ ನೋಡಿದರು. "ಇರ್ಲಿ," ಎಂದರು, "ಚಂದ ಬಂದದ. ಡಾಕ್ಯುಮೆಂಟ್ ಅಂತ ಕಳಸ್ತೀನಿ."