ಜ್ವಾಪಾನದ ಮಾವ

ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಬೆಳಗಿನ ಜಾವ ಬೆಂಗಳೂರು ಬಸ್ಸಿನ ಪಕ್ಕ ಹತ್ತು ನಿಮಿಷ ನಿಂತು ನೋಡಿ. ಎಡಗೈಯಿಂದ ಎದೆ ಮುಟ್ಟಿಕೊಂಡು, ಬಲಗೈಯಿಂದ ಸೊಂಟ ತಡವಿಕೊಂಡು, ಬಗ್ಗಿ ಪಾದದ ಹತ್ತಿರ ಏನೋ ಒತ್ತಿ ನೋಡಿ ಮತ್ತೆ ಎದೆಗೆ ಬರುವವರೊಬ್ಬರು ಇದ್ದೇ ಇರುತ್ತಾರೆ. ಅದು ಸಂಧ್ಯಾವಂದನೆಯಲ್ಲ. ದುಡ್ಡು ಇದೆಯೋ ಹೋಯಿತೋ ಎಂದು ನೋಡಿಕೊಳ್ಳುತ್ತಿರುವುದು. ಯಾವ ಕಳ್ಳನಾದರೂ ಎದುರಿಗೆ ನಿಂತು ಒಂದು ಟೀ ಕುಡಿಯುವಷ್ಟರಲ್ಲಿ, ಎಲ್ಲೆಲ್ಲಿ ಏನೇನಿದೆ ಎಂದು ಪಟ್ಟಿ ಮಾಡಿಕೊಳ್ಳಬಹುದು. ಇಂಥವರು ಹನೂರಿನಲ್ಲೂ ಇದ್ದಾರೆ, ಯಳಂದೂರಿನಲ್ಲೂ ಇದ್ದಾರೆ. ನನ್ನ ಪಾಲಿಗೆ ಬಂದವರು ನಮ್ಮ ಸೋದರಮಾವ. ಬೀದಿಯವರು ಇಟ್ಟಿರುವ ಹೆಸರು ಜ್ವಾಪಾನಪ್ಪ.

ಮಾವ ಪುಕ್ಕಲರು ಎಂದುಕೊಳ್ಳಬೇಡಿ. ಅವರ ಜಮೀನಿರುವುದು ಹನೂರು ಕಡೆಯ ಕಾಡಂಚಿನಲ್ಲಿ. ರಾಗಿ ತೆನೆಗೆ ಬಂದಾಗ ಮರದ ಮೇಲಿನ ಅಟ್ಟಣೆಯಲ್ಲಿ ಒಬ್ಬರೇ ಮಲಗಿ ಆನೆ ಕಾಯುತ್ತಾರೆ. ಬಂದರೆ ತಗಡು ಬಡಿದು, "ಹೋಗಪ್ಪ, ಅತ್ತಗೇ ಬೇಕಾದಷ್ಟು ಮೇವದ" ಎಂದು ಬುದ್ಧಿ ಹೇಳಿ ಕಳಿಸುತ್ತಾರೆ. ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ತಾಳುಬೆಟ್ಟದ ದಾರಿಯಲ್ಲಿ ನಡೆದೇ ಹೋಗುತ್ತಾರೆ. ಹುಲಿ ಇರುವುದಿಲ್ಲವೇ ಎಂದರೆ, "ಅದು ಮಾದಪ್ಪನ ವಾಹನ ಕನ್ಲಾ. ಗೌರ್ಮೆಂಟ್ ಬಸ್ಸಿದ್ದಂಗ. ಕೈ ಅಡ್ಡ ಹಾಕಿದ್ರೂ ನಿಲ್ಲಕಿಲ್ಲ, ಅದರ ಪಾಡಿಗ ಅದು ಹೋಯ್ತದ" ಎನ್ನುತ್ತಾರೆ. ವೀರಪ್ಪನ್ ಇದ್ದ ಕಾಲದಲ್ಲಿ ಹೊರಗಿನ ನೆಂಟರು ಹನೂರಿನ ಮದುವೆಗೆ ಬರದೆ ಮುಯ್ಯಿಯನ್ನು ಬೇರೆಯವರ ಕೈಲಿ ಕಳಿಸುತ್ತಿದ್ದಾಗ, ಮಾವ ಸಂಜೆಯ ಕೊನೆ ಬಸ್ಸಿಗೆ ಇಳಿದು ಕತ್ತಲಲ್ಲಿ ಎರಡು ಮೈಲಿ ನಡೆದು ಊರು ಸೇರುತ್ತಿದ್ದರು.

ಇಂಥ ಗಂಡೆದೆ ಕನಕಪುರ ದಾಟುತ್ತಿದ್ದಂತೆ ಪುಕಪುಕ ಎನ್ನುತ್ತದೆ.

ಅದಕ್ಕೊಂದು ಕಾರಣವುಂಟು. 2000ದ ಜುಲೈ 30ರ ರಾತ್ರಿ ಗಾಜನೂರಿನ ಮನೆಯಿಂದ ರಾಜ್‌ಕುಮಾರ್ ಅವರನ್ನು ವೀರಪ್ಪನ್ ಕರೆದೊಯ್ದನಲ್ಲ, ಆ ದಿನ ಮಾವ ಯಾವುದೋ ಹೆಣ್ಣು ನೋಡುವ ಕೆಲಸಕ್ಕೆಂದು ಬೆಂಗಳೂರಿಗೆ ಹೋಗಿದ್ದರು. ಮರುದಿನ ಊರಿಗೆ ಊರೇ ಬಂದ್. ಬಸ್ಸಿಲ್ಲ, ಊಟವಿಲ್ಲ, ಬೀದಿಯಲ್ಲಿ ಟೈರು ಉರಿಯುತ್ತಿದೆ. ಮೆಜೆಸ್ಟಿಕ್ ಹತ್ತಿರದ ಲಾಡ್ಜೊಂದರ ಕೋಣೆಯಲ್ಲಿ ಬಾಗಿಲಿಗೆ ಮಂಚ ಅಡ್ಡ ಇಟ್ಟು ಎರಡು ದಿನ ಬಾಳೆಹಣ್ಣು ತಿಂದರಂತೆ. ಅಣ್ಣಾವ್ರು 108 ದಿನ ಕಾಡಿನಲ್ಲಿದ್ದು ನವೆಂಬರ್ 15ಕ್ಕೆ ಬಿಡುಗಡೆಯಾಗಿ ಬಂದರು. ನಾಡೆಲ್ಲ ಅವರಿಗಾಗಿ ಮರುಗಿತು. ಮಾವನೂ ಮರುಗಿದರು, ಹರಕೆ ಹೊತ್ತರು. ಆದರೆ ಮಾತಿನ ನಡುವೆ ಈಗಲೂ ಒಂದು ಸಲ, "ನಂದೂ ಎಲ್ಡು ದಿನ ಆಯ್ತು ಕನಪ್ಪ, ಯಾರೂ ಕೇಳ್ನಿಲ್ಲ" ಎನ್ನುವುದುಂಟು.

ಹೊರಡುವ ಹಿಂದಿನ ರಾತ್ರಿ ದುಡ್ಡಿನ ಪಾಲು ನಡೆಯುತ್ತದೆ. ಅಣ್ಣತಮ್ಮಂದಿರ ಆಸ್ತಿ ಪಾಲಿಗೂ ಅಷ್ಟು ಹೊತ್ತು ಬೇಕಾಗಲಿಲ್ಲ. ಇರುವುದು 3,000 ರೂಪಾಯಿ. ಅದರಲ್ಲಿ 1,500 ಪಟಾಪಟಿ ಚಡ್ಡಿಯ ಜೇಬಿಗೆ. ಆ ಜೇಬಿಗೆ ಗುಂಡಿ, ಗುಂಡಿಯ ಮೇಲೆ ಪಿನ್ನು. 500 ಅಂಗಿಯ ಒಳಜೇಬಿಗೆ. ಇನ್ನೊಂದು 500 ಕಾಲುಚೀಲಕ್ಕೆ. ವರ್ಷವಿಡೀ ಬರಿಗಾಲಿಗೆ ಚಪ್ಪಲಿ ಮೆಟ್ಟುವ ಮಾವ ಬೆಂಗಳೂರಿಗೆ ಮಾತ್ರ ಚಪ್ಪಲಿಯೊಳಗೆ ಕಾಲುಚೀಲ ಹಾಕುತ್ತಾರೆ. 300 ಕನ್ನಡಕದ ಡಬ್ಬಿಗೆ. ಉಳಿದ 200 ಮೇಲುಜೇಬಿನಲ್ಲಿ, ಕಾಣುವ ಹಾಗೆ. ಅದು ಕಳ್ಳನ ಪಾಲು.

"ಏನೂ ಸಿಕ್ನಿಲ್ಲ ಅಂದ್ರ ಅವ್ನಿಗ ಸಿಟ್ಟು ಬತ್ತದ" ಎನ್ನುವುದು ಮಾವನ ನ್ಯಾಯ.

ಅತ್ತೆಗೆ ಈ ಗೋಜಿಲ್ಲ. ಅವರ ತವರು ಯಳಂದೂರು. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಅಡಿಕೆಯ ಸಂಚಿ ಹಿಡಿದು, ಜೊತೆಗೆ 'ಹದಿಬದೆಯ ಧರ್ಮ'ವನ್ನೂ ಬರೆದ ಹೊನ್ನಮ್ಮನ ಊರು. ಸಂಚಿಯ ವಿಷಯದಲ್ಲಿ ಆ ಊರಿನ ಹೆಂಗಸರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಅತ್ತೆಯ ಸಂಚಿ ಸೊಂಟಕ್ಕೆ ಸಿಕ್ಕಿಸಿದ್ದು ಸಿಕ್ಕಿಸಿದ ಹಾಗೇ ಇರುತ್ತದೆ. ಎಲೆ, ಅಡಿಕೆ, ಸುಣ್ಣದ ಡಬ್ಬಿ, ಆಧಾರ್ ಕಾರ್ಡು, ಒಂದಿಷ್ಟು ನೋಟು, ಎಲ್ಲ ಅದರಲ್ಲೇ. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿಗೂ ದುಡ್ಡು ಕೊಡುವಂತಿಲ್ಲ. ಕಂಡಕ್ಟರು ಅತ್ತೆಗೆ ಶೂನ್ಯ ಮೊತ್ತದ ಟಿಕೆಟ್ಟು ಹರಿದು ಕೊಟ್ಟಾಗಲೆಲ್ಲ ಮಾವ ಅದನ್ನು ಹಿಂದೆಮುಂದೆ ತಿರುಗಿಸಿ, "ಇದ್ರಲ್ಲೂ ಏನೋ ಅದ" ಎಂದು ಅನುಮಾನ ಪಡುತ್ತಾರೆ.

ಹೋದ ಸಲ ನಾನೂ ಜೊತೆಗಿದ್ದೆ. ಮಾಗಡಿ ರಸ್ತೆಯ ಕಡೆ ಇರುವ ಮಗಳ ಮನೆಗೆ ಪಯಣ. ಚೀಲದಲ್ಲಿ ಐವತ್ತು ನಿಂಬೆಹಣ್ಣು, ಉಪ್ಪಿನಕಾಯಿಗೆ. ಒಂದು ಬೂದುಗುಂಬಳಕಾಯಿ, ಮಜ್ಜಿಗೆಹುಳಿಗೆ. ಮೊಮ್ಮಗುವಿಗೆ ಕಟ್ಟಲು ಬೆಟ್ಟದಿಂದ ತಂದ ಕರಿದಾರ. ಚಿಕ್ಕಲ್ಲೂರು ಜಾತ್ರೆಯಲ್ಲಿ ಕೊಟ್ಟ ಕಪ್ಪು ಧೂಳ್ತದ ಪೊಟ್ಟಣ. ಮಂಟೇಸ್ವಾಮಿಯ ಒಕ್ಕಲಿನವರು ಹಣೆಗಿಡುವುದು ಅದನ್ನೇ. ಈ ಪಟ್ಟಿಯನ್ನು ಮರೆಯಬೇಡಿ, ಮುಂದೆ ಬೇಕಾಗುತ್ತದೆ.

ಬಸ್ಸು ಸತ್ತೇಗಾಲದ ಕಾವೇರಿ ದಾಟುವ ಹೊತ್ತಿಗೆ ಉಪದೇಶ ಶುರುವಾಯಿತು. "ಯಾರಾದ್ರೂ ಟೇಮ್ ಎಷ್ಟು ಅಂದ್ರ ಹೇಳ್ಬ್ಯಾಡ, ಕೈಲಿರ ವಾಚು ನೋಡಕ್ಕೇ ಕೇಳದು. ಅಂಗಿ ಮ್ಯಾಲ ಗಲೀಜು ಬಿದ್ದದ ಅಂದ್ರ ಬೀಳ್ಲಿ ಅನ್ನು. ಕೆಳಗ ನಿನ್ ನೋಟು ಬಿದ್ದದ ಅಂದ್ರ ತಿರುಗ್ಬ್ಯಾಡ. ಬಿಸ್ಕತ್ ಕೊಟ್ರ ಮುಟ್ಬ್ಯಾಡ." ಇದರಲ್ಲಿ ಒಂದೂ ಸುಳ್ಳಲ್ಲ. ಗಮನ ಬೇರೆಡೆ ಸೆಳೆದು ಚೀಲ ಎತ್ತುವವರ ಸುದ್ದಿ ಪತ್ರಿಕೆಯಲ್ಲಿ ಬರುತ್ತಲೇ ಇರುತ್ತದೆ, ಮಾವ ಅವನ್ನೆಲ್ಲ ಕತ್ತರಿಸಿ ಪಂಚಾಂಗದೊಳಗೆ ಇಟ್ಟಿದ್ದಾರೆ. ಅಂಗೈ ಮೇಲೆ ಬಾಲ್‌ಪೆನ್ನಿನಲ್ಲಿ 112 ಎಂದೂ ಬರೆದುಕೊಂಡಿದ್ದರು. ಮೂರಂಕಿ ನೆನಪಿರುವುದಿಲ್ಲವೇ ಎಂದು ಕೇಳಿದೆ. "ಜ್ಞಾನ ತಪ್ಪಿದ್ರ?" ಎಂದರು. ಜ್ಞಾನ ತಪ್ಪಿದವರು ಅಂಗೈ ನೋಡಿಕೊಳ್ಳುವುದು ಹೇಗೆ ಎಂದು ನಾನು ಕೇಳಲಿಲ್ಲ.

ಕನಕಪುರದಲ್ಲಿ ಹತ್ತಿದ ಒಬ್ಬ ಯುವಕ ಪಕ್ಕದಲ್ಲಿ ಕೂತು ಬಿಸ್ಕತ್ತಿನ ಪೊಟ್ಟಣ ಚಾಚಿದ. ಮಾವ ಕಣ್ಣು ಮುಚ್ಚಿ ಗೊರಕೆ ಹೊಡೆದರು. ಆತ ತಾನೇ ತಿಂದು, ಸಾಯದೆ, ಬಹಳ ಹೊತ್ತು ಎಚ್ಚರವಾಗಿಯೇ ಇದ್ದದ್ದು ಕಂಡ ಮೇಲೆ ಮಾವನಿಗೆ ಕನಿಕರ ಹುಟ್ಟಿತು. ಅತ್ತೆಯ ನಿಪ್ಪಟ್ಟಿನ ಡಬ್ಬಿ ತೆಗೆದು, "ತಗಪ್ಪ" ಎಂದರು. ಆತ ಕೈ ಚಾಚಿದವನು, "ಯಾವೂರು ನಿಮ್ದು?" ಎಂದ.

"ಕೊಳ್ಳೇಗಾಲ."

ಚಾಚಿದ ಕೈ ಹಾಗೇ ತಲೆ ಕೆರೆದುಕೊಳ್ಳಲು ಹೋಯಿತು. "ಬೇಡ ಬುಡಿ, ಈಗ ತಾನೆ ತಿಂದೆ" ಎಂದು ಎದ್ದು, ಖಾಲಿ ಸೀಟಿದ್ದರೂ ಬಾಗಿಲ ಹತ್ತಿರ ಹೋಗಿ ನಿಂತ. ಮಾವನಿಗೆ ಎಲ್ಲಿಲ್ಲದ ಸಿಟ್ಟು. "ಕೊಟ್ಟ ನಿಪ್ಪಟ್ ತಿನ್ನಕೂ ಅನ್ಮಾನ! ಮನುಷ್ಯತ್ವನೇ ಹೊಂಟೋಯ್ತು ಕನ್ಲಾ."

ಮಾವನಿಗೆ ಅರ್ಥವಾಗದ್ದು ನನಗೆ ಅರ್ಥವಾಯಿತು. ಬೆಂಗಳೂರಿನ ಹಾಸ್ಟೆಲಿನಲ್ಲಿ ಓದುವಾಗ ನನ್ನ ಕೋಣೆಯ ಗೆಳೆಯ ಉಗುರು ಕತ್ತರಿಸಿದರೆ ಚೂರುಗಳನ್ನು ಎಣಿಸಿ ಕಾಗದದಲ್ಲಿ ಕಟ್ಟಿ ಹೊರಗೆ ಎಸೆದು ಬರುತ್ತಿದ್ದ. ಕೊಳ್ಳೇಗಾಲ ಎಂದರೆ ಮಾಟ. ಈ ಹೆಸರು ಹೇಗೆ ಅಂಟಿತೋ. ನನ್ನದೊಂದು ಅಂದಾಜಿದೆ. 1956ರವರೆಗೆ ನಾವು ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದವರು. ಮೈಸೂರಿನವರ ಪಾಲಿಗೆ ಹೊಳೆಯಾಚೆಯ, ಕಾಡಿನ ಬದಿಯ ಊರು. ಆಚೆಯವರ ಬಗ್ಗೆ ಕತೆ ಕಟ್ಟುವುದು ಸುಲಭ. ನಮ್ಮೂರಲ್ಲಿ ನೆಯ್ದ ರೇಷ್ಮೆ ಸೀರೆಯನ್ನು ಮೈಮೇಲೆ ಹಾಕಿಕೊಳ್ಳುವಾಗ ಆಗದ ಭಯ ನೆಯ್ದವನ ಊರು ಕೇಳಿದಾಗ ಆಗುತ್ತದೆ. ಇನ್ನು ನಮ್ಮೂರಲ್ಲಿ ಬೋರ್ಡು ಹಾಕಿಕೊಂಡಿರುವ ನಾಕು ಜನರ ಮನೆ ಮುಂದೆ ಅಮಾವಾಸ್ಯೆಯ ದಿನ ನಿಲ್ಲುವ ಕಾರುಗಳ ನಂಬರು ನೋಡಿ. ಹೆಚ್ಚಿನವು ಬೆಂಗಳೂರಿನವೇ. ಮಾಡಿಸುವವರು ಅವರು, ಹೆಸರು ನಮಗೆ. 2017ರಲ್ಲಿ ವಾಮಾಚಾರ ತಡೆಯುವ ಕಾಯ್ದೆಯೇ ಬಂತು, 2020ರಲ್ಲಿ ಜಾರಿಗೂ ಬಂತು. ಹೆಸರು ಮಾತ್ರ ಹೋಗಲಿಲ್ಲ.

2021ರಲ್ಲಿ ಮೆಟ್ರೋದ ಹಸಿರು ಮಾರ್ಗ ಕನಕಪುರ ರಸ್ತೆಯ ರೇಷ್ಮೆ ಸಂಸ್ಥೆಯವರೆಗೂ ಬಂದಿದೆಯಲ್ಲ, ರೇಷ್ಮೆ ಊರಿನ ನಾವು ಅಲ್ಲೇ ಇಳಿದೆವು. ಒಳಗೆ ತಪಾಸಣೆ. ಕೋಲಿನಂಥ ಯಂತ್ರ ಹಿಡಿದವನು ಬರುವ ಮೊದಲೇ ಮಾವ ಎರಡೂ ಕೈ ಮೇಲೆತ್ತಿ, ಕಾಲು ಅಗಲಿಸಿ ನಿಂತುಬಿಟ್ಟರು. ಎಸ್‌ಟಿಎಫ್ ಪೊಲೀಸರು ವೀರಪ್ಪನ್‌ಗಾಗಿ ತಪಾಸಣೆ ನಡೆಸುತ್ತಿದ್ದ ಕಾಲದ ರೂಢಿ. ಹನೂರು ಕಡೆಯ ಆ ತಲೆಮಾರಿನ ಗಂಡಸರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಯಂತ್ರ ಸೊಂಟದ ಹತ್ತಿರ ಪಿನ್ನು ಕಂಡು ಕೂಗಿತು. "ಏನದು?" "ಪಿನ್ನು ಸಾ." "ಪಿನ್ ಯಾಕೆ?" "ಜೇಬಿಗ." "ಅಲ್ಲಿ ಜೇಬು ಯಾಕೆ?" ಹಿಂದೆ ನಿಂತ ಸಾಲೆಲ್ಲ ಮಾವನ ಉತ್ತರಕ್ಕೆ ಕಿವಿಗೊಟ್ಟಿತು. ಗುಟ್ಟು ಅಲ್ಲಿಗೆ ಮುಗಿಯಿತು.

ಅಷ್ಟರಲ್ಲಿ ಚೀಲ ಯಂತ್ರದೊಳಗಿಂದ ಆಚೆ ಬಂದಿತ್ತು. ಅಲ್ಲಿದ್ದ ಕಾವಲುಗಾರ ಒಂದೊಂದೇ ತೆಗೆದ. ನಿಂಬೆಹಣ್ಣು, ನಿಂಬೆಹಣ್ಣು, ನಿಂಬೆಹಣ್ಣು. ಬೂದುಗುಂಬಳ. ಕರಿದಾರದ ಉಂಡೆ. ಕಪ್ಪು ಬೂದಿಯ ಪೊಟ್ಟಣ.

"ಎಲ್ಲಿಂದ ಬಂದ್ರಿ?"

ಮಾವ ಎದೆಯುಬ್ಬಿಸಿ ಊರ ಹೆಸರು ಹೇಳಿದರು.

ಆತ ಕುಂಬಳಕಾಯಿಯನ್ನು ಮಲಗಿದ ಕೂಸನ್ನು ತೊಟ್ಟಿಲಿಗೆ ಹಾಕುವ ಹಾಗೆ ಮೆಲ್ಲಗೆ ಚೀಲದೊಳಗಿಟ್ಟ. ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. "ಹೋಗಿ ಯಜಮಾನ್ರೆ, ನಿಧಾನಕ್ಕೆ ಹೋಗಿ" ಎಂದ. ಗಾಡಿಯಲ್ಲಿ ಹಿಂದಿನ ಸಾಲಿನ ಇಬ್ಬರು ನಮ್ಮನ್ನು ಕಂಡು ಎದ್ದು ಸೀಟು ಬಿಟ್ಟರು. ಮೂರನೆಯ ಸೀಟೂ ಖಾಲಿಯಾಯಿತು. "ಸುಮ್ಗ ಬೈತಿದ್ದೆ, ಬೆಂಗ್ಳೂರು ಜನ ಪರ್ವಾಗಿಲ್ಲ" ಎಂದರು ಮಾವ.

ಮಾಗಡಿ ರಸ್ತೆಗೂ ಮೆಟ್ರೋ ಇದೆ. ಆದರೆ ಮೆಜೆಸ್ಟಿಕ್‌ನಲ್ಲಿ ಇಳಿದರೇ ಮಾವನಿಗೆ ದಿಕ್ಕು ಗೊತ್ತಾಗುವುದು. ಒಂದು ಕಾಲಕ್ಕೆ ಧರ್ಮಾಂಬುಧಿ ಕೆರೆ ಇದ್ದ ಜಾಗವದು, ಈಗ ಜನದ ಕೆರೆ. ಅಲ್ಲಿ ಪೇಚಿಗೆ ಬಂತು. ಮೇಲುಜೇಬಿನ ದುಡ್ಡು ಕಳ್ಳನದು, ಮುಟ್ಟುವಂತಿಲ್ಲ. ಒಳಜೇಬಿನದು ವಾಪಸು ಬರುವ ಚಾರ್ಜು. ಆಟೋಗೆ ಕೊಡಬೇಕಾದ್ದು ಚಡ್ಡಿಯಲ್ಲಿ. ಅದನ್ನು ತೆಗೆಯಬೇಕಾದರೆ ಮರೆ ಬೇಕು, ಮರೆ ಎಂದರೆ ಶೌಚಾಲಯ. ಶೌಚಾಲಯದ ಬಾಗಿಲಲ್ಲಿ ಕೂತವನು ಚಿಲ್ಲರೆ ಕೇಳಿದ. "ಒಳಗ ಹೋಗ್ ಬಂದು ಕೊಡ್ತಿನಪ್ಪ." "ಮೊದ್ಲು ಕೊಟ್ಟು ಹೋಗಿ." "ದುಡ್ಡು ಒಳಗದ." "ಒಳಗೆ ಎಲ್ಲಿ?" ಕೊನೆಗೆ ಅತ್ತೆ ಸಂಚಿ ಬಿಚ್ಚಿ, ಸುಣ್ಣ ಮೆತ್ತಿದ ಒಂದು ನೋಟು ಕೊಟ್ಟರು.

ಈ ಗಡಿಬಿಡಿಯಲ್ಲಿ ಮಾವನ ಹೆಗಲ ಮೇಲಿನ ಟವಲು ಜಾರಿತು. ಹಿಂದಿನಿಂದ ಯಾರೋ, "ಯಜಮಾನ್ರೆ, ಟವಲ್ ಬಿತ್ತು" ಎಂದರು. ಮಾವ ತಿರುಗಲಿಲ್ಲ. "ರೀ, ನಿಮ್ದೇ, ಟವಲ್!" ಮಾವ ನನ್ನ ತೋಳು ಹಿಡಿದು ಹೆಜ್ಜೆ ಜೋರು ಮಾಡಿದರು. ಮೂರನೆಯ ಕೂಗಿಗೆ ಓಡಿದರು. ಅವರ ಪಂಚಾಂಗದ ಪ್ರಕಾರ ಸರಿಯಾಗಿಯೇ ಓಡಿದರು. ಒಳ್ಳೆಯ ಟವಲು.

ಆಟೋದವನು ಹೇಳಿದ ಬೆಲೆಗೆ ಮಾವ ದಾರಿಯುದ್ದಕ್ಕೂ ಗೊಣಗಿದರು. ಊರಿನ ಹೆಸರು ಬಂದದ್ದೇ ಆತ ಕನ್ನಡಿಯಲ್ಲಿ ಚೀಲ ನೋಡಿದ. ಮಗಳ ಮನೆ ಮುಂದೆ ಇಳಿಸಿ, ದುಡ್ಡು ತೆಗೆದುಕೊಂಡು, ತಲೆ ತಗ್ಗಿಸಿ, "ಅಮ್ಮ, ಮನೇಲಿ ಯಾಕೋ ನೆಮ್ಮದಿ ಇಲ್ಲ, ಒಂದು ನಿಂಬೆಹಣ್ಣು ಕೊಡ್ತೀರಾ?" ಎಂದ. ಅತ್ತೆಗೆ ಪಾಪ ಎನಿಸಿತು. ಬಾಯಿಗೆ ರುಚಿ ಇಲ್ಲದೆ ಕೇಳುತ್ತಿದ್ದಾನೆ ಎಂದುಕೊಂಡು ನಾಕು ಕೊಟ್ಟರು.

"ಏನು ಮಾಡ್ಬೇಕಮ್ಮ?"

"ನಾಕು ಹೋಳು ಮಾಡಿ ಉಪ್ಪಲ್ಲಿ ಮಡಗು. ವದ್ದ ಕೈಲಿ ಮುಟ್ಬ್ಯಾಡ. ದಿನಾ ಒಂದ್ಸಲ ತಿರುವು. ಬಿಸಿಲ್ಗ ಇಡು."

"ಎಷ್ಟು ದಿನ?"

"ಹದಿನೈದು ದಿನ ಬಾಯಿ ಕಟ್ಟಿ ಮಡಗು. ಆಮ್ಯಾಕ ನೋಡು, ಎಲ್ಲ ಸರಿ ಹೋಯ್ತದ."

ಆತ ನಾಕನ್ನೂ ಕಣ್ಣಿಗೊತ್ತಿಕೊಂಡು, ತೆಗೆದುಕೊಂಡ ದುಡ್ಡಿನಲ್ಲಿ ಐವತ್ತು ರೂಪಾಯಿ ಅತ್ತೆಯ ಕಾಲ ಬಳಿ ಇಟ್ಟು ಹೊರಟುಹೋದ. ಮಾವ ನೋಟು ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಅಸಲಿ.

ಮೊನ್ನೆ ಯುಗಾದಿ ಕಳೆದು ಮತ್ತೆ ಹೊರಟರು. ಚಡ್ಡಿಯ ಜೇಬು ಈ ಸಲ ಖಾಲಿ, ದುಡ್ಡೆಲ್ಲ ಅಂಗಿಯ ಮೇಲುಜೇಬಿನಲ್ಲೇ. ನಿಂಬೆಹಣ್ಣನ್ನು ಮಾತ್ರ ಬಲೆಚೀಲಕ್ಕೆ ಹಾಕಿ, ಎಲ್ಲರಿಗೂ ಕಾಣುವ ಹಾಗೆ ಎದೆಯ ಮುಂದೆ ಹಿಡಿದುಕೊಂಡಿದ್ದರು.

ಹಸಿರು ಮಾರ್ಗದಲ್ಲಿ ನಿಮಗೆ ಅಂಥವರು ಕಂಡರೆ ಸೀಟು ಬಿಡಿ, ವಯಸ್ಸಾದವರು. ಟವಲು ಬಿದ್ದದ್ದು ಕಂಡರೆ ಕೂಗಬೇಡಿ, ತಿರುಗಿ ನೋಡುವುದಿಲ್ಲ. ಎತ್ತಿ ಕೈಗೇ ಕೊಡಿ.