ಫೋರ್‌ಮನ್ ಸಾಹೇಬರ ಒಂಬತ್ತು ಗುಳ

ಸಂಜೆ ಆರೂವರೆಗೆ ನಮ್ಮ ಬೀದಿಯ ಟ್ಯೂಬ್‌ಲೈಟುಗಳೆಲ್ಲ ಒಟ್ಟಿಗೆ ಕಣ್ಣು ಮಿಟುಕಿಸಿದರೆ ಯಾರೂ ಬೆಸ್ಕಾಂಗೆ ಫೋನ್ ಮಾಡುವುದಿಲ್ಲ. ‘ಸಾಹೇಬರು ಕೂತರು’ ಎಂದು ಟೀವಿ ಆರಿಸಿ ವಾಕಿಂಗ್ ಹೊರಡುತ್ತಾರೆ.

ಯಲಹಂಕ ನ್ಯೂ ಟೌನಿನ ಥರ್ಟಿ ಫಾರ್ಟಿ ಸೈಟಿನಲ್ಲಿ ಫೋರ್‌ಮನ್ ಸಾಹೇಬರ ಮನೆ. ನಿಜ ಹೇಳಬೇಕೆಂದರೆ ಅವರು ಫೋರ್‌ಮನ್ ಆಗುವ ಮೊದಲೇ ರಿಟೈರಾದರು. ಪ್ರಮೋಷನ್ ಕೊಟ್ಟದ್ದು ನಮ್ಮ ಬೀದಿ. ಕಾರಿಗೆಂದು ಕಟ್ಟಿಸಿದ ಶೆಡ್ಡಿನಲ್ಲಿ ವೆಲ್ಡಿಂಗ್ ಸೆಟ್ಟು, ಗ್ರೈಂಡರು, ಒಂದು ವೈಸು, ಮತ್ತು ಮುಂದೆಂದಾದರೂ ಬೇಕಾಗಬಹುದಾದ ಕಬ್ಬಿಣ. ಕಾರು ಬೀದಿಯಲ್ಲಿ ಮಳೆಗೆ ನೆನೆಯುತ್ತದೆ. ಕಬ್ಬಿಣ ತುಕ್ಕು ಹಿಡಿಯಬಾರದಲ್ಲ!

ಇವರೊಬ್ಬರೇ ಹೀಗೆ ಅಂದುಕೊಳ್ಳಬೇಡಿ. ಉತ್ತರ ಬೆಂಗಳೂರಿನ ಮಣ್ಣಿನಲ್ಲಿ ಈ ತಳಿ ಹುಲುಸಾಗಿ ಬೆಳೆದಿದೆ. 1953ರಲ್ಲಿ ಎಚ್‌ಎಂಟಿ, ಮರುವರ್ಷ ಬಿಇಎಲ್, ಎರಡೂ ಜಾಲಹಳ್ಳಿ ಕಡೆ ಬೇರು ಬಿಟ್ಟವು. 1984ರಲ್ಲಿ ಯಲಹಂಕದಲ್ಲೇ ರೈಲುಗಾಲಿಯ ಕಾರ್ಖಾನೆ. ಸುತ್ತಲ ಹಳ್ಳಿಗಳ ರೈತರ ಮಕ್ಕಳು ಐಟಿಐ ಓದಿ ಒಳಗೆ ಹೋದರು, ಮೂವತ್ತು ಮೂವತ್ತೈದು ವರ್ಷ ಯಾರದೋ ಡ್ರಾಯಿಂಗಿನ ಪ್ರಕಾರ ಕಬ್ಬಿಣ ಕೊಯ್ದರು. ರಿಟೈರಾದ ಮಾರನೆಯ ದಿನದಿಂದ ಸ್ವಂತ ಡ್ರಾಯಿಂಗಿನ ಪ್ರಕಾರ ಕೊಯ್ಯುತ್ತಿದ್ದಾರೆ. ನಮ್ಮ ಸಾಹೇಬರ ಡ್ರಾಯಿಂಗು ಸೀಮೆಸುಣ್ಣದಲ್ಲಿ ನೆಲದ ಮೇಲಿರುತ್ತದೆ. ಬೆಳಗ್ಗೆ ಅವರ ಮನೆಯವರು ಅದನ್ನು ಸಾರಿಸಿ ರಂಗೋಲಿ ಬಿಡುತ್ತಾರೆ. ಒಮ್ಮೆ ರಂಗೋಲಿಯ ಎಳೆಯನ್ನೇ ಅಳತೆಯೆಂದು ತಿಳಿದು ಆಂಗಲ್ ಕೊಯ್ದರೆಂದು ಸುದ್ದಿ. ನಾನು ಪೂರ್ತಿ ನಂಬುವುದಿಲ್ಲ.

ಅವರ ಭಾವಮೈದನಿಗೆ ರಾಜಾನುಕುಂಟೆಯ ಆಚೆ ಮೂರು ಎಕರೆ ಇತ್ತು. ಬೆಂಗಳೂರು ಬ್ಲೂ ದ್ರಾಕ್ಷಿ, 2013ರಲ್ಲಿ ಜಿಐ ಮಾನ್ಯತೆ ಬಂತಲ್ಲ, ಅದೇ. ಬೆಳೆ ಕೈಹತ್ತದೆ ಚಪ್ಪರ ಕಿತ್ತು ರಾಗಿಗಿಳಿದ. ದೊಡ್ಡ ಟ್ರ್ಯಾಕ್ಟರ್ ಮಾರಿ ಹದಿನೆಂಟು ಎಚ್‌ಪಿಯ ಪುಟಾಣಿಯೊಂದನ್ನು ಕೊಂಡ. ಉಳಿದದ್ದು ಒಂಬತ್ತು ಗುಳದ ಕಲ್ಟಿವೇಟರ್. ಪುಟಾಣಿ ಅದನ್ನು ಎಳೆಯುವುದಿರಲಿ, ಎತ್ತಲೂ ಒಲ್ಲದು.

“ಗುಜರಿಗೆ ಹಾಕ್ಬಿಡ್ಲಾ ಭಾವ?”

“ಗುಜರಿಗಾ? ನಾನಿಲ್ವೇನಯ್ಯಾ?”

ಈ ‘ನಾನಿಲ್ವೇನಯ್ಯಾ’ದಿಂದ ಹಾಳಾದ ಸಾಮಾನು ನಮ್ಮ ಬೀದಿಯಲ್ಲಿ ಬೇಕಾದಷ್ಟಿದೆ.

ಕೂಲಿ ಎಷ್ಟು, ಏನು ಮಾತಾಡಲೇ ಇಲ್ಲ. ಹ್ಯಾರಿ ಫರ್ಗುಸನ್ ಎಂಬ ಮಹಾನುಭಾವ ಟ್ರ್ಯಾಕ್ಟರಿಗೆ ಮೂರು ತೋಳು ಕೊಟ್ಟವನು, 1938ರಲ್ಲಿ ಹೆನ್ರಿ ಫೋರ್ಡ್ ಜೊತೆ ಬರೀ ಕೈಕುಲುಕಿ ವ್ಯಾಪಾರ ಕುದುರಿಸಿದ, ಕಾಗದವಿಲ್ಲ ಪತ್ರವಿಲ್ಲ ಎಂದು ಸಾಹೇಬರು ಕತೆ ಹೇಳಿದರು. ಇಬ್ಬರ ಕಂಪನಿಗಳು ಆಮೇಲೆ ವರ್ಷಗಟ್ಟಲೆ ಕೋರ್ಟಿನಲ್ಲಿ ಬಡಿದಾಡಿದ್ದನ್ನು ಹೇಳಲಿಲ್ಲ.

ಕಲ್ಟಿವೇಟರ್ ಗೂಡ್ಸ್ ಆಟೋದಲ್ಲಿ ಬಂತು. ಐದು ಗುಳಕ್ಕೆ ಇಳಿಸುವುದು ತೀರ್ಮಾನ. ಎಡಗಡೆ ಕೊಯ್ದಾಗ ಒಂದಿಂಚು ಹೆಚ್ಚಿಗೆ ಹೋಯಿತು. ಸಮ ಮಾಡಲು ಬಲಗಡೆ ಕೊಯ್ದರು, ಅಲ್ಲಿ ಒಂದೂವರೆ ಇಂಚು ಹೋಯಿತು. ಬೆಣ್ಣೆ ಹಂಚಿದ ಕೋತಿಯ ಕತೆ ನಿಮಗೆ ಗೊತ್ತೇ ಇದೆ. ಕಿಡಿಗಳು ಮಾತ್ರ ದೀಪಾವಳಿಯಂತೆ ಹಾರಿ, ಅವರ ಬನಿಯನ್ನು ಜರಡಿಯಾಯಿತು. ‘ಟ್ಯಾಕ್ ಹೊಡೆಯೋಕೆ ಕನ್ನಡಿ ಯಾಕೆ’ ಎಂದು ಬರಿಗಣ್ಣಲ್ಲಿ ಬೆಸೆದು, ರಾತ್ರಿಯಿಡೀ ಕಣ್ಣಿಗೆ ಮರಳು ಎರಚಿದಂತಾಗಿ, ಆಲೂಗಡ್ಡೆ ಬಿಲ್ಲೆ ಇಟ್ಟುಕೊಂಡು ಮಲಗಿದರು. ಅವರ ಮನೆಯವರು ಕಾಂಪೌಂಡಿನಾಚೆಯಿಂದ ನಮ್ಮನೆಯವಳನ್ನು ಕೇಳಿದರು: “ನಾಲ್ಕು ಆಲೂಗಡ್ಡೆ ಇದ್ಯಾ? ಪಲ್ಯಕ್ಕೆ ಇಟ್ಟಿದ್ದು ಇವರ ಕಣ್ಣಿಗೆ ಹೋಯ್ತು.”

ಪಿನ್ನಿನ ಪುರಾಣ ಬೇರೆ. ದೊಡ್ಡ ಟ್ರ್ಯಾಕ್ಟರಿನ ಕೆಳತೋಳಿಗೆ 28 ಮಿಲಿಮೀಟರಿನ ಪಿನ್ನು, ಪುಟಾಣಿಗೆ 22. ಅಂಗಡಿಯಲ್ಲಿ 22ರದ್ದೇ ಸಿಗುತ್ತದೆ. ಸಾಹೇಬರು ಪೀಣ್ಯಕ್ಕೆ ಹೋಗಿ ಹಳೆಯ ಸಹೋದ್ಯೋಗಿಯ ಲೇತಿನಲ್ಲಿ 28ನ್ನು 22ಕ್ಕೆ ತಿರುಗಿಸಿಕೊಂಡು ಬಂದರು. ಬಸ್ಸು, ಕಾಫಿ, ಮಸಾಲೆದೋಸೆ ಸೇರಿ ಹೊಸ ಪಿನ್ನಿಗಿಂತ ಹೆಚ್ಚೇ ಬಿತ್ತು. ಆ ದಿನ ಅವರ ಮುಖದಲ್ಲಿದ್ದ ಕಳೆಯನ್ನು ನಾನು ಅವರ ಮಗಳ ಮದುವೆಯಲ್ಲೂ ಕಂಡಿರಲಿಲ್ಲ.

ಅಂತೂ ಹೊಲಕ್ಕೆ ಹೋಯಿತು. ಎರಡನೇ ಸಾಲಿನಲ್ಲೇ ಗುಳವೊಂದು ಟಣ್ಣೆಂದು ಮುರಿಯಿತು. ಇಂಗಾಲ ಹೆಚ್ಚಿರುವ ಗಟ್ಟಿ ಉಕ್ಕನ್ನು ಮೊದಲೇ ಹದವಾಗಿ ಕಾಯಿಸದೆ ಮಾಮೂಲಿ ರಾಡಿನಲ್ಲಿ ಬೆಸೆದರೆ, ಬೆಸುಗೆಯ ಪಕ್ಕದ ಜಾಗ ಗಾಜಿನಂತೆ ಪೆಡಸಾಗುತ್ತದೆ. ಸಾಹೇಬರು ಮುರಿದ ತುಂಡನ್ನು ಮಗುವಿನಂತೆ ಎತ್ತಿಕೊಂಡು ಹೇಳಿದರು: “ನೋಡಿ ಸಾರ್, ನನ್ನ ವೆಲ್ಡಿಂಗ್ ಬಿಟ್ಟಿಲ್ಲ. ಪಕ್ಕದ ಕಬ್ಬಿಣ ಬಿಟ್ಟಿದೆ!”

ಆ ನವೆಂಬರಿನಲ್ಲಿ ಜಿಕೆವಿಕೆಯ ಕೃಷಿ ಮೇಳಕ್ಕೆ ನನ್ನನ್ನೂ ಎಳೆದುಕೊಂಡು ಹೋದರು. ಯಂತ್ರಗಳ ಮಳಿಗೆಯಲ್ಲಿ ನಿಂತಿದ್ದ ಹುಡುಗನಿಗೆ ಮೊಬೈಲಿನಲ್ಲಿ ಫೋಟೋ ತೋರಿಸಿದರು. ಹುಡುಗ ಹಿಗ್ಗಿಸಿ ಹಿಗ್ಗಿಸಿ ನೋಡಿ, ಪಾಪ, ಮೆಲ್ಲಗೆ ಕೇಳಿದ: “ಸಾರ್, ಇದ್ರಲ್ಲಿ ಗುಳ ಎಲ್ಲ ಬೋಲ್ಟಲ್ಲೇ ಕೂತಿರುತ್ತಲ್ವಾ? ನಾಲ್ಕು ಬಿಚ್ಚಿಟ್ಟಿದ್ರೆ ಆಗ್ತಿತ್ತಲ್ಲ?”

ಸಾಹೇಬರು ಅವನ ಭುಜದ ಮೇಲೆ ಕೈಯಿಟ್ಟರು. “ಬಿಚ್ಚೋಕೆ ಪಾನಾ ಸಾಕು ಮಗು. ಕೊಯ್ಯೋಕೆ ಅನುಭವ ಬೇಕು.”

ಕಲ್ಟಿವೇಟರಿನ ಜೊತೆಜೊತೆಗೇ ಜಮೀನೂ ಕಿರಿದಾಗುತ್ತ ಬಂತು. ಏಳು ಗುಳ ಆಗುವಾಗ ಭಾವಮೈದ ಒಂದು ಎಕರೆ ಮಾರಿದ್ದ. ಐದಾಗುವಾಗ ಇನ್ನೊಂದು. ಮೂರಕ್ಕೆ ಬಂದಾಗ ಉಳಿದದ್ದಕ್ಕೂ ಕಲ್ಲು ನೆಟ್ಟು ಲೇಔಟ್ ಆಯಿತು. ಈಗ ಅಲ್ಲಿ ಉಳುವುದಕ್ಕೇನೂ ಇಲ್ಲ. ಒಂದು ಗುಳ ಸಾಹೇಬರ ಹಿತ್ತಲಲ್ಲಿ ಬಟ್ಟೆ ಹಗ್ಗ ಕಟ್ಟುವ ಗೂಟವಾಗಿದೆ.

ಕೈಗೆ ಕೆಲಸವಿಲ್ಲದೆ ತಿಂಗಳಾಯಿತು. ನಿನ್ನೆ ಸಂಜೆ ಟೇಪು ಹಿಡಿದು ನಮ್ಮ ಗೇಟಿನ ಮುಂದೆ ನಿಂತಿದ್ದರು. “ಸ್ವಲ್ಪ ಅಗಲ ಜಾಸ್ತಿ ಆಯ್ತು ಅನ್ಸಲ್ವಾ ಸಾರ್?” ಎಂದರು.

ಓದುಗರಲ್ಲಿ ಯಾರ ಬಳಿಯಾದರೂ ಹಳೆಯ ಕುಂಟೆಯೋ, ಕೆಟ್ಟ ರೋಟವೇಟರೋ ಇದ್ದರೆ ದಯವಿಟ್ಟು ಬೇಗ ತಂದು ಕೊಡಿ. ಗೂಡ್ಸ್ ಆಟೋ ಬಾಡಿಗೆ ನಾನು ಕೊಡುತ್ತೇನೆ.