ಅಂಗಳತೃಣೋಚ್ಚಾಟನ ಮೀಮಾಂಸೆ

ಅಘನಾಶಿನಿಯ ದಡದ ಊರುಗಳಲ್ಲಿ, ಹಿಂದೆ ಸೆಗಣಿ ಸಾರಿಸಿ ಭತ್ತ ಒಣಗಿಸುತ್ತಿದ್ದ ಅಂಗಳಗಳಲ್ಲಿ, ಇತ್ತೀಚೆಗೆ ‘ಲಾನ್’ ಎಂಬ ಪದಾರ್ಥ ಉತ್ಪನ್ನವಾಗಿದೆ. ದುಡ್ಡು ಕೊಟ್ಟು ತಂದ ಹುಲ್ಲು ಲಾನ್. ಕರೆಯದೆ ಬಂದದ್ದು ಕಳೆ. ಈ ಲಕ್ಷಣಕ್ಕೆ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ ಎಂಬ ಮೂರು ದೋಷಗಳೂ ಇಲ್ಲ.

ಪೂರ್ವಪಕ್ಷ: ಮಿರ್ಜಾನ್ ಕೋಟೆ ಮಳೆಗಾಲದಲ್ಲಿ ತಂತಾನೇ ಹಸಿರಾಗುತ್ತದಲ್ಲ, ಅದೇನು? ಸಿದ್ಧಾಂತ: ಅಲ್ಲಿ ಹುಲ್ಲು ಬೆಳೆದರೆ ಜನ ಫೋಟೋ ತೆಗೆಯುತ್ತಾರೆ. ಅದೇ ಹುಲ್ಲು ನಮ್ಮ ಅಂಗಳದಲ್ಲಿ ಬೆಳೆದರೆ ‘ಆಳು ಸಿಗಲಿಲ್ವೇನ್ರಾ?’ ಎಂದು ಕೇಳುತ್ತಾರೆ. ಸ್ಥಳಭೇದದಿಂದ ಪದಾರ್ಥಭೇದ.

ಇನ್ನು ಏಕವಾರ್ಷಿಕ ಕಳೆಹುಲ್ಲುಗಳ ಗುರುತು. ಕಾಡುರಾಗಿಯ ಬುಡ ಚಪ್ಪಟೆ, ಬೆಳ್ಳಗೆ. ತೆನೆಯ ಬೆರಳುಗಳೆಲ್ಲ ತುದಿಯಲ್ಲಿ ಒಂದೇ ಕಡೆಯಿಂದ ಹೊರಟರೆ, ಎಷ್ಟೋ ಸಲ ಒಂದು ಮಾತ್ರ ಪಾಲು ಮಾಡಿಕೊಂಡ ತಮ್ಮನ ಹಾಗೆ ಸ್ವಲ್ಪ ಕೆಳಗೆ ಬೇರೆ ನಿಂತಿರುತ್ತದೆ. ಬಯಲುಸೀಮೆಯ ರಾಗಿಯ ಕುಲದ್ದೇ. ಕಾಲು ತುಳಿದು ಗಟ್ಟಿಯಾದ ಚಿರೆಕಲ್ಲು ಮಣ್ಣೆಂದರೆ ಇದಕ್ಕೆ ಪರಮಸುಖ; ಎಳೆದರೆ ಎಲೆ ಕೈಗೆ ಬರುತ್ತದೆ, ಬೇರು ನಗುತ್ತದೆ. ಇನ್ನೊಂದು, ಗದ್ದೆಯಲ್ಲಿ ಭತ್ತದ ವೇಷ ಕಟ್ಟಿ ನಿಲ್ಲುವ ಕಾಡುಹಾರಕ. ಎಲೆ ಕಾಂಡವನ್ನು ಕೂಡುವಲ್ಲಿ ಭತ್ತಕ್ಕೆ ನಾಲಿಗೆಯಂಥ ಪೊರೆಯಿದೆ, ಇದಕ್ಕಿಲ್ಲ. ನಾಲಿಗೆಯಿಲ್ಲದೆಯೂ ಇಷ್ಟು ಹಬ್ಬಿದ್ದು ನಮ್ಮ ಊರಿನ ಮಟ್ಟಿಗೆ ವಿಸ್ಮಯವೇ. ಮೂರು ಮೂಲೆಯ ಕಾಂಡದ ಜೇಕು ಹುಲ್ಲೇ ಅಲ್ಲವಾದ್ದರಿಂದ ಈ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ. ಅಂಗಳಕ್ಕೆ ಮಾತ್ರ ಬರುತ್ತದೆ. ಗರಿಕೆ ಬಹುವಾರ್ಷಿಕ. ಮೇಲಾಗಿ ಇಡಗುಂಜಿಯ ಗಣಪತಿಯಿಂದಲೇ ಶಿಫಾರಸು ಇರುವ ಹುಲ್ಲು. ಅದರ ತಂಟೆ ಬೇಡ.

ನಿಗ್ರಹದ ವಿಷಯದಲ್ಲಿ ಉಪ್ಪುವಾದಿಗಳದ್ದೊಂದು ಪಂಥವಿದೆ. ಸಾಣಿಕಟ್ಟೆಯ ಉಪ್ಪು ಹತ್ತಿರದಲ್ಲೇ ಸಿಗುವಾಗ ಸುರಿದರಾಯಿತು ಎಂಬುದು ಅವರ ಮತ. ಖಂಡನೆ: ಉಪ್ಪು ಮೊದಲು ಲಾನನ್ನೇ ಸುಡುತ್ತದೆ, ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಸುರಿಯುವ ಮಳೆ ಉಳಿದದ್ದನ್ನು ಬಾವಿಗೆ ಇಳಿಸುತ್ತದೆ. ಅಲ್ಲದೆ ಮಾಣಿಕಟ್ಟೆಯ ಗಜನಿ ಗದ್ದೆಯಲ್ಲಿ ಉಪ್ಪುನೀರಿಗೂ ಜಗ್ಗದೆ ಬೆಳೆಯುವ ಕಗ್ಗ ಭತ್ತ ಯಾವ ಜಾತಿ? ಅದೂ ಏಕವಾರ್ಷಿಕ ಹುಲ್ಲೇ. ಈ ಕುಲವನ್ನೇ ನಿರ್ನಾಮ ಮಾಡುತ್ತೇನೆಂದು ಬೆಳಿಗ್ಗೆ ಪ್ರತಿಜ್ಞೆ ಮಾಡಿದವರು ಮಧ್ಯಾಹ್ನ ಅದರ ಬೀಜವನ್ನೇ ಬೇಯಿಸಿ, ಮೇಲೆ ಸಾರು ಹಾಕಿ ಉಣ್ಣುತ್ತಾರೆ.

ಎರಡನೆಯದು ಕ್ಷೌರವಾದ. ಯಂತ್ರ ತಂದು ಲಾನನ್ನು ನೆಲಮಟ್ಟಕ್ಕೆ ಬೋಳಿಸಿದರೆ ಬಿಸಿಲು ಮಣ್ಣಿಗೆ ಬಿದ್ದು ಕಳೆಯ ಬೀಜವೇ ಮೊದಲು ಏಳುತ್ತದೆ. ಎರಡು ಅಂಗುಲ ಉಳಿಸಿ ಕತ್ತರಿಸುವುದು ಕ್ಷೇಮ.

ಪರಮಸಿದ್ಧಾಂತ ಇಷ್ಟೇ: ಕುಕ್ಕರಗಾಲಲ್ಲಿ ಕೂತು ಕೀಳುವುದು. ಮಳೆ ನಿಂತ ಮೇಲೆ ನೀರು ಬಿಡದಿದ್ದರೆ ಏಕವಾರ್ಷಿಕ ಹುಲ್ಲು ತಾನೇ ಒಣಗಿ ಸಾಯುತ್ತದೆ. ಸಾಯುವ ಮುಂಚೆ ಸಾವಿರಗಟ್ಟಲೆ ಬೀಜ ಉದುರಿಸಿ ಹೋಗುವುದೇ ತಕರಾರು. ಆದ್ದರಿಂದ ಚೌತಿಯವರೆಗೆ ಕಾಯದೆ, ಆಷಾಢದ ಮಳೆಗೆ ಮಣ್ಣು ಮೆತ್ತಗಿರುವಾಗಲೇ, ತೆನೆ ಬರುವ ಮೊದಲು, ಬೇರುಸಹಿತ ಕೀಳಿ. ಕಿತ್ತದ್ದನ್ನು ರಸ್ತೆಗೆ ಎಸೆಯದೆ ನೆರೆಮನೆಯ ಕೊಟ್ಟಿಗೆಗೆ ಕೊಡಿ. ಔಷಧಿ ಹೊಡೆದ ಹುಲ್ಲನ್ನು ಮಾತ್ರ ದಯವಿಟ್ಟು ಕೊಡಬೇಡಿ.